ದ್ವೀಪದಲ್ಲಿ ಉಳಿದ ನಮ್ಮ ಭಾವ

ಆ ಭಾನುವಾರ ಬೆಳಿಗ್ಗೆ ಅಕ್ಕ, ಭಾವ ಮತ್ತು ನಾನು ಜಯನಗರದ ಬಾಡಿಗೆ ಮನೆಯ ವರಾಂಡದಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಅಕ್ಕನ ಬೆರಳಿಗೆ ಸಿಕ್ಕ ಕಾಳು ಸಿಪ್ಪೆ ಬಿಟ್ಟು ತಟ್ಟೆಗೆ ಬೀಳುತ್ತಿತ್ತು. ಭಾವ ಒತ್ತಿದ ಕಾಳು ಹಾರಿ ಗೇಟಿನ ಹತ್ತಿರ ಹೋಗುತ್ತಿತ್ತು.

"ರೀ, ನೀವು ಎದ್ದು ಪೇಪರ್ ಓದ್ಕೊಳ್ಳಿ. ಅರ್ಧ ಕಾಳು ರಸ್ತೆಗೇ ಹೋಯ್ತು," ಅಂದಳು ಅಕ್ಕ.

"ಮಾರ್ಕೆಟ್ಟಿಂದ ಕಾಯಿ ಹೊತ್ಕೊಂಡು ಬಂದೋನು ನಾನು. ನನ್ನನ್ನ ಕೆಲಸದಿಂದ ತೆಗೆಯೋಕೆ ನೀನ್ಯಾರೇ?" ಅಂದರು ಭಾವ.

ಎದುರು ಮನೆಯ ರಾಯರು ಹಾಲಿನ ಬಾಟಲಿ ಹಿಡಿದು ಹೋಗುತ್ತ ಎಂದಿನ ಪ್ರಶ್ನೆ ಕೇಳಿದರು. "ಏನ್ ಸಾರ್, ಸಮುದ್ರ ಹೇಗಿದೆ ಇವತ್ತು?"

"ಸಮುದ್ರ ಶಾಂತವಾಗಿದೆ ರಾಯರೇ. ಹೊಸಕೆರೆಹಳ್ಳಿ ಕೆರೆ ಮಾತ್ರ ಸ್ವಲ್ಪ ಕೋಪದಲ್ಲಿದೆ."

ಮಧ್ಯಾಹ್ನ ಹಿತಕಿದಬೇಳೆ ಸಾರು ಊಟ ಮಾಡಿ ಎಲ್ಲರೂ ಮಲಗಿದೆವು. ನಾಲ್ಕು ಗಂಟೆಗೆ ಭಾವ ಒಳಗಿನಿಂದ ಕೂಗಿದರು, "ಎಲ್ಲಾರೂ ಇದೀರಾ?" ಅಕ್ಕ ಅಡುಗೆಮನೆಯಿಂದ "ಇದೀನಿ" ಅಂದಳು. ನಾನು ಹಿತ್ತಲಿನಿಂದ "ಇದೀನಿ ಭಾವ" ಅಂದೆ. ಆಮೇಲೆ ಕಾಫಿ ಕುಡಿದೆವು. ಆ ದಿನ ನಡೆದದ್ದು ಇಷ್ಟೇ. ಮಾರನೆಯ ದಿನ ಕಚೇರಿಯಲ್ಲಿ ಭಾವನ ಸಾಹೇಬರು ಅವರನ್ನು ಕೋಣೆಗೆ ಕರೆಸಿದರು.

ಭಾವ ಸಮುದ್ರ ಕಾಯುವ ಒಂದು ಇಲಾಖೆಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದರು. ದಡದಿಂದ ಬಹಳ ದೂರದ ಸಣ್ಣ ದ್ವೀಪಗಳಲ್ಲಿ ಇಲಾಖೆಯ ಕಾವಲು ಠಾಣೆಗಳಿದ್ದವು. ಠಾಣೆ ಅಂದರೆ ಒಂದು ಗುಡಿಸಲು, ಮಳೆನೀರಿನ ತೊಟ್ಟಿ, ಒಂದು ವೈರ್‌ಲೆಸ್ ಸೆಟ್ ಮತ್ತು ಇಬ್ಬರು ಮನುಷ್ಯರು. ಪರದೇಶದ ಮೀನು ದೋಣಿಗಳು ನಮ್ಮ ನೀರಿಗೆ ಬಂದರೆ ಹೇಳಬೇಕು, ಗಾಳಿ ಮಳೆ ಹೇಗಿದೆ ಹೇಳಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ ಕರಾವಳಿಯ ಬಂದರು ಕಚೇರಿ ಕರೆಯುತ್ತದೆ, ಠಾಣೆ ಉತ್ತರ ಕೊಡುತ್ತದೆ. ಮುಕ್ಕಾಲುಪಾಲು ದಿನ ಉತ್ತರ ಒಂದೇ, "ಏನೂ ಕಾಣಲಿಲ್ಲ." ಕೆಲವು ವರ್ಷ ಹಾಗೆ ಕಳೆದ ಮೇಲೆ ಭಾವನಿಗೆ ಬೆಂಗಳೂರಿನ ರಿಪೇರಿ ಕೇಂದ್ರಕ್ಕೆ ವರ್ಗವಾಯಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ ಅಕ್ಕನ ಮನೆಗೇ ಬಂದೆ. ಆಗ ನಮ್ಮ ಮನೆಯ ತಾರಸಿಯಿಂದ ರಾಗಿಗುಡ್ಡದ ಬಂಡೆ ಪೂರ್ತಿ ಕಾಣುತ್ತಿತ್ತು. ಜೆ.ಪಿ. ನಗರದ ಕಡೆ ಬರೀ ಖಾಲಿ ಸೈಟುಗಳು.

ಭಾವನಿಗೆ ಈಜು ಬರುತ್ತಿರಲಿಲ್ಲ. ಇದನ್ನು ಯಾರೂ ನಂಬುತ್ತಿರಲಿಲ್ಲ. "ಎಲೆಕ್ಟ್ರಿಕ್ ಆಫೀಸಲ್ಲಿರೋರೆಲ್ಲ ತಂತಿ ಮೇಲೆ ನಡೀತಾರೇನಮ್ಮ?" ಎಂದು ಭಾವ ನನ್ನನ್ನೇ ಕೇಳುತ್ತಿದ್ದರು. ನೀರು ಕುದಿಸದೆ ಕುಡಿದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು. ಮುಂಗೋಪಿ. ಕೋಪ ಇಳಿದ ಮೇಲೆ ಕ್ಷಮೆ ಕೇಳಲು ಬರುತ್ತಿರಲಿಲ್ಲ, ಬದಲಿಗೆ ಸಂಜೆ ಬರುವಾಗ ಫೋರ್ತ್ ಬ್ಲಾಕಿನಿಂದ ಒಂದು ಮೊಳ ಮಲ್ಲಿಗೆ ತಂದು ಮಾತಾಡದೆ ಟೇಬಲ್ ಮೇಲೆ ಇಡುತ್ತಿದ್ದರು. ಅಕ್ಕ ಅದನ್ನು ತಕ್ಷಣ ಮುಡಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾಯಿಸುತ್ತಿದ್ದಳು.

ಯಾರಾದರೂ ಸುಮ್ಮನಿದ್ದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಹೊರಗಿಂದ ಬಂದವರು ಬಂದೆ ಎನ್ನಬೇಕು. ಸ್ನಾನಕ್ಕೆ ಹೋದವರು ಕರೆದರೆ ಓ ಎನ್ನಬೇಕು. "ಹೇಳೋಕೆ ಏನೂ ಇಲ್ದಿದ್ರೆ ಏನೂ ಇಲ್ಲ ಅಂತಾದ್ರೂ ಹೇಳಿ," ಎನ್ನುತ್ತಿದ್ದರು. ನಮ್ಮ ಮನೆಯ ಹಿಂದಿನ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿ ಇದ್ದರು. ಬೆಳಿಗ್ಗೆ ಅವರ ರೇಡಿಯೋ ಸದ್ದು ಕೇಳದಿದ್ದರೆ ಭಾವ ಹೋಗಿ ಬಾಗಿಲು ಬಡಿಯುತ್ತಿದ್ದರು. "ಬದುಕಿದೀನಪ್ಪ, ಹೋಗು ಆಚೆ," ಎಂದು ಅಜ್ಜಿ ಬೈಯುತ್ತಿದ್ದರು. ಒಂದು ದಿನ ಎಷ್ಟು ಬಡಿದರೂ ಉತ್ತರ ಬರಲಿಲ್ಲ. ಭಾವ ಭುಜ ಕೊಟ್ಟು ಚಿಲಕ ಕಿತ್ತು ಒಳಗೆ ನುಗ್ಗಿದರು. ಅಜ್ಜಿ ಹಿಂಬಾಗಿಲಿಗೆ ಬೀಗ ಹಾಕಿಕೊಂಡು ರಾಗಿಗುಡ್ಡದ ಆಂಜನೇಯನ ದರ್ಶನಕ್ಕೆ ಹೋಗಿದ್ದರು. ವಾಪಸ್ ಬಂದವರು ಬೀದಿಗೆಲ್ಲ ಕೇಳುವಂತೆ, "ದೇವಸ್ಥಾನಕ್ಕೆ ಹೋಗೋಕೂ ಇವನ ಪರ್ಮಿಷನ್ ಬೇಕಂತೆ!" ಎಂದು ಕೂಗಿದರು. ಭಾವ ತಲೆ ತಗ್ಗಿಸಿ ಕೂತು ಚಿಲಕ ಜೋಡಿಸಿದರು. ಮರುದಿನ ಬೆಳಿಗ್ಗೆ ಅಜ್ಜಿಯ ರೇಡಿಯೋ ಎಂದಿಗಿಂತ ಜೋರಾಗಿ ಹಾಡಿತು.

ಇದಕ್ಕೆ ಕಾರಣವನ್ನು ಅವರು ನನಗೆ ಒಂದೇ ಸಲ ಹೇಳಿದ್ದು. ಅಂದು ಎಕ್ಸ್‌ಚೇಂಜಿನಲ್ಲಿ ಒಂದು ಲೈನ್ ಕೆಟ್ಟಿತ್ತು. ಯಾರೋ ಒಬ್ಬ ಹೆಂಗಸು ಆಸ್ಪತ್ರೆಗೆ ಕನೆಕ್ಷನ್ ಕೊಡಿ ಎಂದು ಅಳುತ್ತಿದ್ದಳು. ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನದು ಅವಳಿಗೆ ಕೇಳುತ್ತಿರಲಿಲ್ಲ. ಹೇಳಿ ಮೇಡಂ, ಹೇಳಿ ಮೇಡಂ ಎಂದು ನಾನು ಕಿರುಚಿದರೂ ಅವಳು ಯಾರೂ ಇಲ್ಲವೆಂದು ಫೋನ್ ಇಟ್ಟುಬಿಟ್ಟಳು. ಮನೆಗೆ ಬಂದು ಇದನ್ನು ಹೇಳಿ ಅತ್ತುಬಿಟ್ಟೆ. ಭಾವ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

ದ್ವೀಪದ ಸೆಟ್ಟಿನಲ್ಲಿ ಕೇಳಿಸಿಕೊಳ್ಳುವುದು ಸುಲಭ, ಅದಕ್ಕೆ ಸಣ್ಣ ಸೆಲ್ಲುಗಳು ಸಾಕು. ಮಾತಾಡುವುದಕ್ಕೆ ಹೆಚ್ಚು ಕರೆಂಟು ಬೇಕು. ಅದಕ್ಕೊಂದು ದೊಡ್ಡ ಬ್ಯಾಟರಿ ಇತ್ತು, ಅದು ಆಗಾಗ ಕೈಕೊಡುತ್ತಿತ್ತು. ಆಗ ಸೈಕಲ್ಲಿನಂಥ ಪೆಡಲ್ ಜನರೇಟರ್ ಒಬ್ಬ ತುಳಿಯಬೇಕು, ಇನ್ನೊಬ್ಬ ಮಾತಾಡಬೇಕು. ಎಪ್ಪತ್ತರ ದಶಕದಲ್ಲಿ ಒಮ್ಮೆ ಬ್ಯಾಟರಿ ಕೆಟ್ಟಿದ್ದಾಗಲೇ ಭಾವ ಮತ್ತು ಅವರ ಜೊತೆಯ ಆಪರೇಟರ್ ಇಬ್ಬರಿಗೂ ಜ್ವರ ಬಂತು. ಪೆಡಲ್ ತುಳಿಯಲು ಇಬ್ಬರ ಕಾಲಿನಲ್ಲೂ ಶಕ್ತಿ ಇರಲಿಲ್ಲ. ನಾಲ್ಕು ಗಂಟೆಗೆ ಬಂದರಿನವರು ಕರೆದರು. ಮತ್ತೆ ಕರೆದರು. ಭಾವ ಚಾಪೆಯ ಮೇಲೆ ಮಲಗಿ ಕೇಳಿಸಿಕೊಳ್ಳುತ್ತಿದ್ದರು.

"ಆಮೇಲೆ ಒಬ್ಬ ಇನ್ನೊಬ್ಬನಿಗೆ ಹೇಳಿದ, ಬ್ಯಾಟರಿ ಹೋಗಿರ್ತದೆ, ಬಿಡು ಅಂತ. ಮುಂದಿನ ಠಾಣೆ ಕರೆದ್ರು. ದಿನಾ ಅದೇ. ನನಗೆ ಅವರು ಕೆಮ್ಮೋದೂ ಕೇಳ್ತಿತ್ತಮ್ಮ."

ರೇಷನ್ ಬೋಟು ಬರುವ ಹೊತ್ತಿಗೆ ಜೊತೆಯವನು ತೀರಿಹೋಗಿದ್ದ. ಭಾವನೇ ಒಂದು ಹೊದಿಕೆ ಹಾಕಿ ಅವನ ಪಕ್ಕ ಮಲಗಿದ್ದರಂತೆ. ಬಂದರಿನವರು ಕೆಟ್ಟವರೇನಲ್ಲ. ನಿಜವಾಗಿಯೂ ಎಷ್ಟೋ ಸಲ ಬ್ಯಾಟರಿಯೇ ಹೋಗಿರುತ್ತಿತ್ತು. ಉತ್ತರ ಬರದಿದ್ದರೆ ಬ್ಯಾಟರಿ ಎಂದುಕೊಳ್ಳುವುದು ಅಲ್ಲಿಯ ಕೆಲಸದ ರೂಢಿಯಾಗಿತ್ತು.

ಅಂದಿನಿಂದ ಭಾವ ಒಂದೇ ಒಂದು ನಿಯಮಕ್ಕಾಗಿ ಹಟ ಹಿಡಿದರು. ಸತತ ಎರಡು ಹೊತ್ತು ಠಾಣೆ ಉತ್ತರ ಕೊಡದಿದ್ದರೆ ಬೋಟು ಹೊರಡಬೇಕು. ಕಾರಣವನ್ನು ಅಲ್ಲಿಗೆ ಹೋಗಿ ಕೇಳಬೇಕು. ಆ ವರ್ಷಗಳಲ್ಲಿ ದೆಹಲಿಯಲ್ಲಿ ಸಮುದ್ರದ ಬಗ್ಗೆ ಒಂದು ರಾಷ್ಟ್ರೀಯ ನೀತಿ ತಯಾರಾಗುತ್ತಿತ್ತು. ನಮ್ಮ ಕಡಲ ಗಡಿ ದೂರಕ್ಕೆ ಹೋಗಿತ್ತು, ಅಷ್ಟು ನೀರನ್ನು ಕಾಯುವುದು ಹೇಗೆ, ಜನವಿಲ್ಲದ ದ್ವೀಪಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಎಲ್ಲ ಇಲಾಖೆಗಳನ್ನೂ ಕೇಳಿದ್ದರು. ಭಾವನ ಇಲಾಖೆಯೂ ತನ್ನ ಸಲಹೆ ಕೊಡಬೇಕಿತ್ತು. ಭಾವ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಸಾಹೇಬರ ಹತ್ತಿರ ಹೋಗಿ ಬರುತ್ತಿದ್ದರು. ರಾಯರಿಗೆ ಇದು ಹೇಗೋ ಗೊತ್ತಾಯಿತು.

"ದೆಹಲಿಗೇ ಸಲಹೆ ಕೊಡ್ತಿದೀರಂತೆ! ಮೊದಲು ನಮ್ಮ ಬೀದಿ ಮೋರಿಗೊಂದು ನೀತಿ ಮಾಡಿಸಿ ಸಾರ್."

"ಮೋರಿ ಬಗ್ಗೆ ನೀವು ಬರೀರಿ ರಾಯರೇ. ಅದರ ಪಕ್ಕ ಕೂತು ನಿಮಗೆ ಅನುಭವ ಜಾಸ್ತಿ."

ಇಲಾಖೆಯ ಸಲಹೆ ಹೋಯಿತು. ಅದರಲ್ಲಿ ದೋಣಿಗಳ ಮೇಲೆ ಕಣ್ಣಿಡುವುದಿತ್ತು, ದ್ವೀಪಗಳ ರಕ್ಷಣೆ ಇತ್ತು, ಹವಳ, ಹಕ್ಕಿ, ಆಮೆಗಳ ಮಾತೂ ಇತ್ತು. ಭಾವನ ನಿಯಮ ಇರಲಿಲ್ಲ. ಅದು ನೀತಿಯ ಮಟ್ಟದ ವಿಷಯವಲ್ಲ ಎಂದರಂತೆ. "ಆಮೆ ಉಳೀಬೇಕು, ಸರಿ. ಆಮೆ ನೋಡ್ಕೊಂಡು ಕೂತಿರೋನು?" ಎಂದು ಅಕ್ಕನನ್ನು ಕೇಳಿದರು.

ಅವರೆಕಾಳಿನ ಭಾನುವಾರದ ಮರುದಿನ ಸಾಹೇಬರು ಕರೆಸಿದ್ದು ಇದೇ ವಿಷಯಕ್ಕೆ. ತೀರ ದೂರದ ಒಂದು ದ್ವೀಪಕ್ಕೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಮಳೆಗಾಲ ಶುರುವಾಗುವ ತನಕ ನೀವು ಇದ್ದು ಬನ್ನಿ, ನೀವಿರುವಷ್ಟು ದಿನ ಬಂದರಿನಲ್ಲಿ ನಿಮ್ಮ ನಿಯಮವನ್ನು ಪರೀಕ್ಷೆಗೆ ಇಡುತ್ತೇನೆ, ಸರಿ ಬಂದರೆ ಎಲ್ಲ ಠಾಣೆಗೂ ಆದೇಶ ಮಾಡಿಸುತ್ತೇನೆ ಎಂದರು ಅವರು. ಬಾಯಿಮಾತು. ಭಾವ ಅಲ್ಲೇ ಒಪ್ಪಿಕೊಂಡು ಬಂದಿದ್ದರು.

"ಒಬ್ಬನೇ ಒಬ್ಬ ಒಪ್ಪಿದಾನೆ ಕಣೇ. ಇದನ್ನೂ ಬಿಟ್ರೆ ಇನ್ಯಾರನ್ನ ಕೇಳ್ಲಿ?"

"ನಿಮ್ಮ ನಿಯಮಕ್ಕೆ ಬೇರೆ ಯಾರೂ ಸಿಗಲಿಲ್ವಾ? ನೀವೇ ಆಗ್ಬೇಕಿತ್ತಾ?" ಎಂದು ಅಕ್ಕ ಅತ್ತಳು. ಆಮೇಲೆ ಚಟ್ನಿಪುಡಿ, ಹುರಿಹಿಟ್ಟು, ಜ್ವರದ ಮಾತ್ರೆ ಕಟ್ಟಿಕೊಟ್ಟಳು. ಕರಾವಳಿಯ ಬಸ್ಸು ಹೊರಡುವಾಗ ಭಾವ ಕಿಟಕಿಯಿಂದ ನನಗೆ, "ನಿಮ್ಮಕ್ಕನ್ನ ಸುಮ್ಮನೆ ಕೂರೋಕೆ ಬಿಡಬೇಡ. ಜಗಳ ಆಡ್ತಿರು," ಅಂದರು.

ಕರಾವಳಿಯ ಆ ಊರಿನ ಎಕ್ಸ್‌ಚೇಂಜಿನಲ್ಲಿ ನನಗೊಬ್ಬ ಗೆಳತಿ ಇದ್ದಳು. ಮುಖ ನೋಡಿದವಳಲ್ಲ, ಲೈನಿನಲ್ಲಿ ದನಿಯಿಂದಲೇ ಪರಿಚಯ. ಅವಳು ಆಗಾಗ ಬಂದರು ಕಚೇರಿಯಲ್ಲಿ ವಿಚಾರಿಸಿ ನನಗೆ ಹೇಳುತ್ತಿದ್ದಳು. "ನಿಮ್ಮ ಭಾವ ಇವತ್ತೂ ಉತ್ತರ ಕೊಟ್ಟಿದ್ದಾರಂತೆ ಮಾರಾಯ್ತಿ, ಏನೂ ಕಾಣ್ಲಿಲ್ಲ ಅಂದ್ರಂತೆ." ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಏನೂ ಕಾಣಲಿಲ್ವಂತೆ ಅಕ್ಕ," ಅಂದರೆ ಅವಳ ಮುಖ ಅರಳುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂದಾಗ ಗೆಳತಿಯ ದನಿ ಬದಲಾಯಿತು. ಕೆಲವು ದಿನಗಳಿಂದ ಉತ್ತರ ಇಲ್ಲವಂತೆ ಎಂದಳು. ಅವಳೇ ಬಂದರು ಕಚೇರಿಗೆ ಲೈನು ಜೋಡಿಸಿದಳು. ಅಲ್ಲಿಯ ಗುಮಾಸ್ತ ಸಿಕ್ಕಿದರು.

"ಬ್ಯಾಟರಿ ಹೋಗಿರ್ತದೆ ಅಷ್ಟೇ. ಹೆದರ್ಲಿಕ್ಕೆ ಎಂತ ಉಂಟು ಅದ್ರಲ್ಲಿ?"

"ಎರಡು ಹೊತ್ತು ಉತ್ತರ ಬರದಿದ್ರೆ ಬೋಟ್ ಕಳಿಸಬೇಕು ಅಂತ ಸಾಹೇಬ್ರು ಹೇಳಿದಾರಲ್ಲ ಸಾರ್?"

"ಯಾವ ಸಾಹೇಬ್ರು? ಬೆಂಗಳೂರಿನವ್ರಾ? ಅವ್ರಿಗೆ ಟ್ರಾನ್ಸ್‌ಫರ್ ಆಯ್ತಲ್ಲ. ನಮ್ಗೆ ಅಂಥದ್ದೆಲ್ಲ ಯಾರೂ ಹೇಳ್ಲಿಲ್ಲಮ್ಮ."

"ಸಾರ್, ಅವರ ಜೊತೆ ಇನ್ನೊಬ್ರು ಇದಾರಲ್ಲ. ಪೆಡಲ್ ತುಳಿದಾದ್ರೂ..."

"ಅವನಾ? ಅವನು ಹೊಟ್ಟೆನೋವು ಅಂತ ಹೋದ ಸಲದ ರೇಷನ್ ಬೋಟಲ್ಲೇ ವಾಪಸ್ ಬಂದ. ಬದಲಿ ಆಳು ಹೋಗ್ಬೇಕಷ್ಟೆ ಇನ್ನು."

ಇನ್ನೊಂದು ಲೈನಿಗೆ ಚುಚ್ಚಲು ಹಿಡಿದಿದ್ದ ಸ್ವಿಚ್‌ಬೋರ್ಡಿನ ತಂತಿ ನನ್ನ ಕೈಯಲ್ಲೇ ಉಳಿಯಿತು. ಭಾವ ಅಲ್ಲಿ ಒಬ್ಬರೇ ಇದ್ದರು. ಬ್ಯಾಟರಿ ಹೋಗಿದ್ದರೆ ಅವರೇ ತುಳಿದು ಅವರೇ ಮಾತಾಡಲಾಗದು. ಜನರೇಟರ್ ಗುಡಿಸಲಿನ ಒಂದು ಮೂಲೆಯಲ್ಲಿ, ಸೆಟ್ ಇನ್ನೊಂದು ಮೂಲೆಯಲ್ಲಿ ಇರುತ್ತದೆ ಎಂದು ಅವರೇ ಹೇಳಿದ್ದರು. ಅವರು ಬದುಕಿದ್ದರೆ ನಾಲ್ಕು ಗಂಟೆಗೆ ಇವರು ಕರೆಯುವುದನ್ನು ಕೇಳುತ್ತ ಕೂತಿರುತ್ತಾರೆ. ಸೂಪರ್‌ವೈಸರ್ ಮೇಡಂ ಬಂದು ನನ್ನ ಹೆಡ್‌ಸೆಟ್ ತೆಗೆದು ಮನೆಗೆ ಕಳಿಸಿದರು.

ಮಳೆಗಾಲ ಹತ್ತಿರವಾಗಿತ್ತು. ಮುಂಗಾರು ಹಿಡಿದರೆ ಆ ದ್ವೀಪದ ಕಡೆಗೆ ಬೋಟು ಹೋಗುವುದಿಲ್ಲ. ಅಷ್ಟರೊಳಗೆ ಒಂದು ಬೋಟು ಹೊರಡಿಸಬೇಕಿತ್ತು. ಅಕ್ಕ ಮತ್ತು ನಾನು ಬೆಂಗಳೂರಿನ ಕಚೇರಿಗೆ ದಿನಾ ಹೋದೆವು. ಹೊಸ ಸಾಹೇಬರು ಒಳ್ಳೆಯ ಮಾತಿನವರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು. "ಅಮ್ಮ, ಅವರು ನಮ್ಮಲ್ಲಿ ಎಲ್ಲರಿಗಿಂತ ಅನುಭವಸ್ಥರು. ಅವರ ಬಗ್ಗೆ ನಮಗೆ ಚಿಂತೆಯೇ ಇಲ್ಲ," ಎಂದರು. ವಿಮಾನ ಕೇಳಿದೆವು. ಅದು ಬೇರೆ ಇಲಾಖೆಯದು ಎಂದರು. ಬದಲಿ ಆಳಿನ ಆದೇಶ ಬಂದ ಕೂಡಲೇ ಅದೇ ಬೋಟಿನಲ್ಲಿ ನೋಡಿ ಬರುತ್ತಾರೆ ಎಂದರು. ಆದೇಶ ಬರಲಿಲ್ಲ.

ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ಅಕ್ಕ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿದಳು. ರಾಯರು ತಮಾಷೆ ನಿಲ್ಲಿಸಿದರು. ಗೇಟಿನ ಹತ್ತಿರ ಬಂದು ಏನಾದರೂ ತಿಳಿಯಿತೇ ಎಂದು ಕಣ್ಣಿನಲ್ಲೇ ಕೇಳಿ ಹೋಗುತ್ತಿದ್ದರು. ಹಿಂದಿನ ಮನೆಯ ಅಜ್ಜಿ ಅನ್ನ ಸಾರು ತಂದು, "ತಿನ್ನಮ್ಮ. ಆ ಮುಂಗೋಪಿ ಬಂದಾಗ ನೀನು ಬಡಕಲಾಗಿದ್ರೆ ನನ್ನನ್ನೇ ಬೈತಾನೆ," ಎಂದು ಅಕ್ಕನಿಗೆ ತುತ್ತು ಕೊಡುತ್ತಿದ್ದರು.

ಒಂದು ದಿನ ಅಕ್ಕ ನನ್ನ ಜೊತೆ ಎಕ್ಸ್‌ಚೇಂಜಿಗೇ ಬಂದಳು. ಸೂಪರ್‌ವೈಸರ್ ಮೇಡಂ ಬೇಡ ಎನ್ನಲಿಲ್ಲ. ಗೆಳತಿ ಬಂದರಿನ ವೈರ್‌ಲೆಸ್ ಆಪರೇಟರನ್ನು ಲೈನಿಗೆ ಕರೆಸಿದಳು. ಅಕ್ಕ ಎರಡೂ ಕೈಯಲ್ಲಿ ರಿಸೀವರ್ ಹಿಡಿದಳು.

"ಅವರು ಕೇಳಿಸ್ಕೊತಾ ಇರ್ತಾರಪ್ಪ. ನೀವು ಕರೀತಾನೇ ಇರಿ. ಬಿಡು ಅಂತ ಮಾತ್ರ ಅನ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆ ಆಪರೇಟರ್ ಚಿಕ್ಕ ವಯಸ್ಸಿನವನಿರಬೇಕು. "ಕರೀತಾ ಇದ್ದೇನೆ ಅಕ್ಕ. ದಿನಾ ಕರೀತಾ ಇದ್ದೇನೆ. ಹೆದರ್ಬೇಡಿ, ಬೋಟ್ ಹೊರಟಿದೆ, ಬರ್ತಾ ಉಂಟು ಅಂತ ನಿನ್ನೆಯೇ ಹೇಳಿದ್ದೇನೆ ಅವ್ರಿಗೆ."

"ಬೋಟ್ ಹೊರಟಿದೆಯಾ?"

ಲೈನಿನಲ್ಲಿ ಅವನ ಉಸಿರು ನನಗೂ ಕೇಳುತ್ತಿತ್ತು.

"ಇಲ್ಲ ಅಕ್ಕ. ಧೈರ್ಯಕ್ಕೆ ಅಂತ ಹೇಳಿದೆ."

"ಯಾಕಪ್ಪ ಸುಳ್ಳು ಹೇಳಿದೆ?" ಎಂದು ಅಕ್ಕ ಕೂಗಿದಳು. ಬೋರ್ಡಿನ ಮುಂದೆ ಕೂತಿದ್ದ ಹುಡುಗಿಯರೆಲ್ಲ ತಿರುಗಿದರು. "ಅವರು ಗುಡಿಸಲು ಬಿಟ್ಟು ದಡಕ್ಕೆ ಹೋಗಿ ಕಾಯ್ತಾರಲ್ಲಪ್ಪ! ಗಾಳಿ ಎದ್ದಿರುತ್ತೆ, ಅವರಿಗೆ ಈಜು ಬರಲ್ಲ. ಈಗಲೇ ಹೇಳು, ಬೋಟ್ ಇಲ್ಲ, ಒಳಗೇ ಇರಿ ಅಂತ. ಈಗಲೇ ಹೇಳು."

ಅವನು ಹೇಳಿದನಂತೆ. ಅಂದು ಸಂಜೆಯೂ, ಮರುದಿನವೂ ಹೇಳಿದನಂತೆ. ಅದನ್ನು ಕೇಳಲು ಭಾವ ಒಳಗಿದ್ದರೋ ಇಲ್ಲವೋ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ವಾರವೇ ಮುಂಗಾರು ಹಿಡಿಯಿತು. ಬೆಂಗಳೂರಿಗೂ ಮಳೆ ಬಂತು. ಹನಿ ಬಿದ್ದಾಗಲೆಲ್ಲ ಅಕ್ಕ ವರಾಂಡಕ್ಕೆ ಬಂದು ನಿಲ್ಲುತ್ತಿದ್ದಳು. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಬೋಟು ಹೋಯಿತು. ಗುಡಿಸಲು ನಿಂತಿತ್ತು. ಸೆಟ್ಟಿನ ಮೇಲೆ ನೀರು ಬೀಳದಂತೆ ಟಾರ್ಪಾಲು ಹೊದಿಸಿತ್ತು. ದೊಡ್ಡ ಬ್ಯಾಟರಿ ಸತ್ತುಹೋಗಿತ್ತು. ಭಾವ ಪೆಡಲ್ ಜನರೇಟರನ್ನು ಅದರ ಜಾಗದಿಂದ ಕಿತ್ತು ಸೆಟ್ಟಿನ ಪಕ್ಕಕ್ಕೆ ಎಳೆದು ತಂದಿದ್ದರು, ತಂತಿ ಇನ್ನೂ ಜೋಡಿಸಿರಲಿಲ್ಲ. ದಡದಲ್ಲಿ ಒಂದು ಉದ್ದನೆಯ ಕಂಬ ನೆಟ್ಟಿತ್ತು, ಅದರ ತುದಿಗೆ ಕಟ್ಟಿದ ಬಿಳಿ ಪಂಚೆ ಗಾಳಿಗೆ ಚಿಂದಿಯಾಗಿತ್ತು. ಬೋಟಿನವರು ಇಡೀ ದ್ವೀಪ ಸುತ್ತಿದರು. ಅದನ್ನು ಸುತ್ತಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಭಾವ ಸಿಗಲಿಲ್ಲ.

ಆ ಠಾಣೆ ಈಗ ಇಲ್ಲ. ಅದನ್ನು ಮುಚ್ಚಿ ಆ ಕಡೆಯ ನೀರನ್ನು ವಿಮಾನದಿಂದ ನೋಡುತ್ತಾರಂತೆ. ಉಳಿದ ಠಾಣೆಗಳಲ್ಲಿ ಭಾವನ ನಿಯಮ ಬಂತೇ ಎಂದು ಗೆಳತಿಯಿಂದ ವಿಚಾರಿಸಿದೆ. ಬಂದಿಲ್ಲ. ಆ ಚಿಕ್ಕ ವಯಸ್ಸಿನ ಆಪರೇಟರ್ ಕೆಲಸ ಬಿಟ್ಟನಂತೆ. ನಾನು ಈಗಲೂ ಅದೇ ಬೋರ್ಡಿನ ಮುಂದೆ ಕೂರುತ್ತೇನೆ. ಆ ಕಡೆಯಿಂದ ಯಾರೂ ಮಾತಾಡದಿದ್ದರೆ ಲೈನು ತೆಗೆಯಲು ನನ್ನ ಕೈ ಏಳುವುದಿಲ್ಲ.

ಏಳು ವರ್ಷ ಕಾಣದಿದ್ದವರನ್ನು ಕಾನೂನು ತೀರಿಹೋದವರೆಂದು ತಿಳಿಯುತ್ತದೆ. ಅದರ ಕಾಗದ ಹೋದ ತಿಂಗಳು ಬಂತು. ಅಷ್ಟು ದಿನ ಕುಂಕುಮ ಇಟ್ಟುಕೊಳ್ಳುತ್ತಿದ್ದ ಅಕ್ಕ ಆ ಕಾಗದ ಓದಿ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕೂತು ಆಗಾಗ ಅಕ್ಕ ಎನ್ನುತ್ತಿದ್ದೆ. ಅವಳು ಒಳಗಿನಿಂದ ಓ ಎನ್ನುತ್ತಿದ್ದಳು.

ಭಾವನ ತಮ್ಮ ಬಂದು ಕರ್ಮಗಳನ್ನು ಮಾಡುತ್ತೇನೆಂದರು. ಪುರೋಹಿತರು ಪಂಚಾಂಗ ಬಿಡಿಸಿಕೊಂಡು, ಹೋದ ದಿನ ಯಾವುದು ಎಂದು ಕೇಳಿದರು. ಗೊತ್ತಿಲ್ಲ ಎಂದೆವು. ಹಾಗಾದರೆ ಕೊನೆಯ ಸಲ ಅವರ ಸುದ್ದಿ ಬಂದ ದಿನವನ್ನೇ ಹಿಡಿಯೋಣ, ಅದನ್ನಾದರೂ ಹೇಳಿ ಎಂದರು. ಗೆಳತಿ ಆಗಾಗ ತಿಳಿಸಿದ ದಿನಗಳನ್ನು ನಾವು ಬರೆದಿಟ್ಟಿರಲಿಲ್ಲ. ನಾನು ಬಂದರು ಕಚೇರಿಗೆ ಫೋನ್ ಮಾಡಿ, ಅವರು ಕೊನೆಯದಾಗಿ ಉತ್ತರ ಕೊಟ್ಟದ್ದು ಯಾವತ್ತು ಎಂದು ಕೇಳಿದೆ. ದೋಣಿ ಕಂಡ ದಿನಗಳನ್ನು ಬರೆದಿಟ್ಟಿರುತ್ತೇವೆ, ಏನೂ ಕಾಣದ ದಿನ ಉತ್ತರ ಬಂದದ್ದನ್ನಾಗಲಿ ಬಾರದ್ದನ್ನಾಗಲಿ ಬರೆಯುವ ಪದ್ಧತಿ ಇಲ್ಲ ಎಂದರು.

ನಮ್ಮ ಭಾವನಿಗೆ ತಿಥಿ ಇಲ್ಲ.